ಒಂಬತ್ತನೇ ತರಗತಿ ಹುಡುಗಿಗೆ ಇನ್‌ಸ್ಟಾಗ್ರಾಂನಲ್ಲಿ ಬೆದರಿಕೆ: ಮನೆಯಲ್ಲಿ ಹೇಗೆ ಹೇಳಲಿ?

ಗಣಿತಮೇಡಂ | ಶುಕ್ರವಾರ, ಸಂಜೆ 6:50

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಇವತ್ತು ಶಾಲೆ ಬಿಟ್ಟಾಗಿನಿಂದ ಕೈಕಾಲು ಆಡುತ್ತಿಲ್ಲ. ತಿಳಿದವರು ದಯವಿಟ್ಟು ಬೇಗ ಉತ್ತರಿಸಿ.

ಒಂಬತ್ತನೇ ತರಗತಿಯ ಹುಡುಗಿ. ಮಳೆ ಬರಲಿ, ಜಾತ್ರೆ ಇರಲಿ, ಶಾಲೆ ತಪ್ಪಿಸಿದವಳಲ್ಲ. ಈ ವಾರ ನಾಲ್ಕು ದಿನ ಬರಲಿಲ್ಲ. ಇವತ್ತು ಬಂದವಳು ಮೊದಲ ಬೆಂಚು ಬಿಟ್ಟು ಹಿಂದೆ ಹೋಗಿ ಕೂತಳು. ಬಹುಪದೋಕ್ತಿಯ ಲೆಕ್ಕ ಕೊಟ್ಟು ಓಡಾಡುತ್ತಾ ನೋಡಿದರೆ ಪುಸ್ತಕದಲ್ಲಿ ಒಂದಕ್ಷರ ಇಲ್ಲ. ಪೆನ್ನಿನ ಮುಚ್ಚಳ ಮಾತ್ರ ಕಚ್ಚಿ ಕಚ್ಚಿ ಚಪ್ಪಟೆಯಾಗಿತ್ತು. ಶಾಲೆ ಬಿಟ್ಟ ಮೇಲೆ ನಿಲ್ಲಿಸಿಕೊಂಡೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಊಟದ ಚೀಲಕ್ಕೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿದ್ದ ಫೋನ್ ತೆಗೆದು ನನ್ನ ಕೈಗಿಟ್ಟಳು. ಕೊರೊನಾ ಕಾಲದಲ್ಲಿ ಅಣ್ಣನ ಆನ್‌ಲೈನ್ ಪಾಠಕ್ಕೆಂದು ಅಪ್ಪ ಆಡು ಮಾರಿ ತಂದ ಫೋನಂತೆ. ಗಾಜು ಮೂಲೆಯಿಂದ ಮೂಲೆಗೆ ಸೀಳಿದೆ. ಹಿಂದಿನ ಮುಚ್ಚಳ ಬೀಳದ ಹಾಗೆ ರಬ್ಬರ್ ಬ್ಯಾಂಡ್ ಹಾಕಿದ್ದಾರೆ.

ಯಾರೋ ಹುಡುಗಿಯ ಹೆಸರಿನ ಖಾತೆಯಿಂದ ಮೂರು ವಾರ ಮಾತಾಡಿದ್ದಾರೆ. “ನಾನೂ ನೈನ್ತ್, ಪಕ್ಕದೂರು, ಸೈನ್ಸ್ ನೋಟ್ಸ್ ಇದೆಯಾ” ಅಂತ ಶುರುವಾಗಿದೆ. ಪರೀಕ್ಷೆ, ಮೇಷ್ಟ್ರು, ಮೆಹಂದಿ ವಿನ್ಯಾಸ, ಇಂಥದ್ದೇ ಮಾತು. ಕಳೆದ ಭಾನುವಾರ ಒಂದು ಚಿತ್ರ ಬಂದಿದೆ. ಮುಖ ಇವಳದು, ಮೈ ಇನ್ನಾರದೋ. ಬಟ್ಟೆಯಿಲ್ಲದ ಚಿತ್ರ. ಅದರ ಕೆಳಗೆ, “ವಿಡಿಯೋ ಕಾಲ್ ಮಾಡು, ಇಲ್ಲಾಂದ್ರೆ ನಿಮ್ಮೂರ ಗ್ರೂಪಿಗೆ ಹಾಕ್ತೀನಿ.” ಅಂದಿನಿಂದ ದಿನಾ ರಾತ್ರಿ ಗಡುವು ಕೊಡುತ್ತಿದ್ದಾರೆ. ಇವತ್ತಿನದು ಹನ್ನೊಂದು ಗಂಟೆಗೆ. ಇವಳು ಇನ್ನೂ ಕಾಲ್ ಮಾಡಿಲ್ಲ.

ಒಂದು ಮಾತು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಆ ಚಿತ್ರದಲ್ಲಿ ಕಿವಿಯ ಪಕ್ಕ ಹಸಿರು ಬಟ್ಟೆಯ ಅಂಚೊಂದು ಉಳಿದಿತ್ತು. ಅದು ಪ್ರತಿಭಾ ಕಾರಂಜಿಯ ಬ್ಯಾನರಿನ ಅಂಚು. ಆ ಫೋಟೋ ತೆಗೆದವಳು ನಾನು. ಭಾವಗೀತೆಯಲ್ಲಿ ಬಹುಮಾನ ಬಂತೆಂದು ಖುಷಿಯಿಂದ ಶಾಲೆಯ ಫೇಸ್‌ಬುಕ್ ಪುಟಕ್ಕೆ ಹಾಕಿದವಳೂ ನಾನೇ. ಪೂರ್ತಿ ಹೆಸರು, ತರಗತಿ, ಊರು, ಎಲ್ಲ ಬರೆದಿದ್ದೆ.

ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿದೆ. “ಹುಡುಗಿ ಹೆಸರೂ ಕೆಡುತ್ತೆ, ಶಾಲೆ ಹೆಸರೂ ಕೆಡುತ್ತೆ. ಆ ಖಾತೆ ಡಿಲೀಟ್ ಮಾಡಿಸಿ ಸುಮ್ಮನಿರಿ” ಅಂದರು. ಹುಡುಗಿ ಕೇಳಿದ್ದು ಒಂದೇ: “ಅಪ್ಪಗ ಹೇಳಬ್ಯಾಡ್ರಿ ಮೇಡಂ, ಸಾಲಿ ಬಿಡಸ್ತಾರ.” ಅದು ಬರೀ ಹೆದರಿಕೆಯಲ್ಲ. ಅವಳ ಸೋದರತ್ತೆಯ ಮಗಳನ್ನು ಫೋನಿನ ಕಾರಣಕ್ಕೇ ಹತ್ತನೇ ತರಗತಿ ಮಧ್ಯದಲ್ಲಿ ಬಿಡಿಸಿ ಮದುವೆ ಮಾಡಿದ್ದನ್ನು ನಾನೇ ಕಂಡಿದ್ದೇನೆ.

ಮುಖ ಮಾತ್ರ ಇವಳದಾದರೆ ದೂರು ನಿಲ್ಲುತ್ತದೆಯೇ? ಚಾಟ್ ಅಳಿಸಬೇಕೇ, ಇಟ್ಟುಕೊಳ್ಳಬೇಕೇ? ಮನೆಯವರಿಗೆ ಹೇಗೆ ಹೇಳಲಿ?

[ತಿದ್ದಿದ್ದು, 7:35: ತಾಲ್ಲೂಕಿನ ಹೆಸರು ತೆಗೆದಿದ್ದೇನೆ.]

ಎರಡು_ಮಕ್ಕಳ_ತಾಯಿ | ಶುಕ್ರವಾರ, ಸಂಜೆ 7:12

ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಫೋನ್ ಕಿತ್ತುಕೊಳ್ಳಿ. ನನ್ನ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ಫೋನೇ ಇಲ್ಲ ಎಂದುಬಿಟ್ಟಿದ್ದೇನೆ. ಹದಿನಾಲ್ಕು ವರ್ಷದ ಮಗುವಿಗೆ ಇನ್‌ಸ್ಟಾಗ್ರಾಂ ಯಾತಕ್ಕೆ ಬೇಕು? ಬೆಂಕಿ ಕೈಗೆ ಕೊಟ್ಟು ಸುಟ್ಟಿತು ಅಂದರೆ ಹೇಗೆ?

ಖಾಕಿಬಿಟ್ಟಮೇಲೆ | ಶುಕ್ರವಾರ, ಸಂಜೆ 7:28

ತಂಗಿ, ನಾನು ನಿವೃತ್ತ ಪಿಎಸ್‌ಐ. ಇಲಾಖೆಯಲ್ಲಿ 31 ವರ್ಷ ಇದ್ದೆ, ಕೊನೆಯ ಕೆಲವು ವರ್ಷ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಯಲ್ಲಿ. ಎಲ್ಲಕ್ಕಿಂತ ಮೊದಲು ನಿಮ್ಮ ಬರಹದಿಂದ ತಾಲ್ಲೂಕಿನ ಹೆಸರು ತೆಗೆಯಿರಿ. ಮಗುವಿನ ಹೆಸರು ಬರೆಯದಿದ್ದರೂ ಶಾಲೆ, ಊರು, ಸ್ಪರ್ಧೆ ಸೇರಿದರೆ ಊರವರು ಗುರುತು ಹಿಡಿಯುತ್ತಾರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ ಅದನ್ನೇ ತಡೆಯುತ್ತದೆ.

ಈಗ ಇವತ್ತಿನ ರಾತ್ರಿ. ಹನ್ನೊಂದು ಗಂಟೆಗೆ ಆ ಮಗು ಒಬ್ಬಳೇ ಫೋನ್ ಹಿಡಿದು ಕೂರಬಾರದು. ಕಾಯ್ದೆ ಕಲಂ ಎಲ್ಲ ನಾಳೆ ನೋಡೋಣ. ತಾಯಿಗೆ ಈಗಲೇ ಫೋನ್ ಮಾಡಿ, “ಮಗಳು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ಇವತ್ತು ಮಗ್ಗುಲಲ್ಲಿ ಮಲಗಿಸಿಕೊಳ್ಳಿ, ಏನೂ ಕೇಳಬೇಡಿ, ಬೆಳಗ್ಗೆ ನಾನೇ ಮನೆಗೆ ಬರುತ್ತೇನೆ” ಎನ್ನಿ. ಹುಡುಗಿಗೆ ಹೇಳಿ: ಉತ್ತರ ಕೊಡಬೇಡ, ಬೇಡಿಕೊಳ್ಳಬೇಡ, ಕಾಲ್ ಮಾಡಬೇಡ, ಏನನ್ನೂ ಅಳಿಸಬೇಡ. ಒಮ್ಮೆ ಕೇಳಿದ್ದು ಕೊಟ್ಟರೆ ಇಂಥವರು ಅಲ್ಲಿಗೆ ನಿಲ್ಲುವುದಿಲ್ಲ, ಅದನ್ನೇ ಹಿಡಿದು ಇನ್ನಷ್ಟು ಕೇಳುತ್ತಾರೆ. ಅವಳು ಸಾಯುವ ಮಾತು ಆಡಿದರೆ ಒಂದು ಕ್ಷಣವೂ ಕಾಯದೆ 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ.

ಸಾಕ್ಷ್ಯದ ವಿಷಯದಲ್ಲಿ ಒಂದು ಎಚ್ಚರಿಕೆ. ಬೆದರಿಕೆಯ ಮಾತುಗಳು, ಆ ಖಾತೆಯ ಹೆಸರು, ಅದರ ಕೊಂಡಿ, ದಿನ, ಗಂಟೆ, ಇಷ್ಟನ್ನು ಇನ್ನೊಂದು ಫೋನಿನಿಂದ ಫೋಟೋ ತೆಗೆಯಿರಿ. ತಾನಾಗಿ ಮಾಯವಾಗುವ ಸಂದೇಶಗಳನ್ನು ಅದೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಆ ಕಡೆಯವನಿಗೆ ಗೊತ್ತಾಗುತ್ತದೆ. ಆದರೆ ಆ ಬೆತ್ತಲೆ ಚಿತ್ರವನ್ನು ಮಾತ್ರ ನಿಮ್ಮ ಫೋನಿಗೆ ತೆಗೆದುಕೊಳ್ಳಬೇಡಿ. ಮುಖ್ಯೋಪಾಧ್ಯಾಯರಿಗೂ ಕಳಿಸಬೇಡಿ, ಸಿಬ್ಬಂದಿ ಗುಂಪಿಗಂತೂ ಬೇಡವೇ ಬೇಡ. ಮಗುವಿನ ಅಂಥ ಚಿತ್ರವನ್ನು ಇಟ್ಟುಕೊಳ್ಳುವುದು, ಹಂಚುವುದು ಅಪರಾಧ. ಒಳ್ಳೆಯ ಉದ್ದೇಶದಿಂದಲೇ “ನೋಡಿ ಸಾರ್ ಎಂಥ ಅನ್ಯಾಯ” ಅಂತ ಕಳಿಸಿ, ಊರೆಲ್ಲ ಹರಡಲು ಕಾರಣರಾದವರನ್ನು ನಾನು ಕಂಡಿದ್ದೇನೆ. ಅದು ಹುಡುಗಿಯ ಫೋನಿನಲ್ಲೇ ಇರಲಿ, ಪೊಲೀಸರು ಪಂಚನಾಮೆ ಮಾಡಿ ತೆಗೆದುಕೊಳ್ಳುತ್ತಾರೆ. ಫೋನ್ ಒಯ್ದರೆ ಪಂಚನಾಮೆಯ ಪ್ರತಿ ಕೇಳಿ ಇಟ್ಟುಕೊಳ್ಳಿ.

ಮುಖ ಮಾತ್ರ ಅವಳದಾದರೂ ದೂರು ನಿಲ್ಲುತ್ತದೆ. ಪೋಕ್ಸೊ 11ನೇ ಕಲಂ ನಿಜವಾದ ಚಿತ್ರ, ಸೃಷ್ಟಿಸಿದ ಚಿತ್ರ ಎರಡನ್ನೂ ಹೇಳುತ್ತದೆ. ಅದನ್ನು ಹಾಕುತ್ತೇನೆಂದು ಬೆದರಿಸುವುದೇ ಅಪರಾಧ, 12ನೇ ಕಲಂನಲ್ಲಿ ಮೂರು ವರ್ಷದವರೆಗೆ ಸಜೆ. ಅದರ ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಇದೆ.

ನಿಮ್ಮ ಮುಖ್ಯೋಪಾಧ್ಯಾಯರಿಗೆ 19ನೇ ಕಲಂ ಓದಿ ಹೇಳಿ. ಮಗುವಿನ ಮೇಲೆ ಇಂಥ ಅಪರಾಧ ಆಗಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ರ ಪ್ರಕಾರ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ. “ಸುಮ್ಮನಿರಿ” ಅನ್ನುವ ಹಕ್ಕು ಅವರಿಗಿಲ್ಲ, ಸುಮ್ಮನಿರುವ ಹಕ್ಕು ನಿಮಗೂ ಇಲ್ಲ.

ಠಾಣೆ ಅಂದರೆ ಮನೆಯವರು ಹೆದರುತ್ತಾರೆ. ಅವರಿಗೆ ತಿಳಿಯುವ ಹಾಗೆ ಹೇಳಿ: ಮಗು ಠಾಣೆಗೆ ಬರಬೇಕಿಲ್ಲ. ಅವಳ ಮನೆಯಲ್ಲೇ, ಇಲ್ಲವೇ ಅವಳು ಹೇಳಿದ ಜಾಗದಲ್ಲಿ ಹೇಳಿಕೆ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆ ಇರಬಾರದು, ಸಮವಸ್ತ್ರ ಹಾಕಿರಬಾರದು. ಇದು 24ನೇ ಕಲಂ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ತಿಳಿಸಬೇಕು. ಮದುವೆಯ ಮಾತು ಎದ್ದರೆ ಆ ಸಮಿತಿಯೇ ನಿಮಗೆ ಆಸರೆ.

ಯಾವ ಠಾಣೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹತ್ತಿರದ ಠಾಣೆಗೆ ಹೋಗಿ. “ನಮ್ಮ ಸರಹದ್ದಲ್ಲ” ಎಂದು ವಾಪಸ್ ಕಳಿಸುವಂತಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆಂದೇ ಬೇರೆ ವಿಭಾಗವಿದೆ, ಅಲ್ಲೂ ಹಾಕಬಹುದು. 1930 ಮುಖ್ಯವಾಗಿ ಹಣ ಹೋದಾಗಿನ ಸಂಖ್ಯೆ. ತಡ ಮಾತ್ರ ಮಾಡಬೇಡಿ. ಅವನು ಖಾತೆ ಅಳಿಸಿದರೂ ನೋಂದಣಿ ವಿವರವನ್ನು ಕಂಪನಿ 180 ದಿನ ಇಟ್ಟಿರಬೇಕೆಂದು 2021ರ ನಿಯಮ ಇದೆ. ಆರು ತಿಂಗಳು ದೊಡ್ಡ ಅವಧಿ ಅನ್ನಿಸುತ್ತದೆ, ಆದರೆ ಕಾಗದ ಓಡಾಡುವಷ್ಟರಲ್ಲಿ ಕರಗಿ ಹೋಗುತ್ತದೆ.

ಗಣಿತಮೇಡಂ | ಶುಕ್ರವಾರ, ರಾತ್ರಿ 8:20

ಅಕ್ಕಾ, ನಿಮ್ಮ ಕಾಲಿಗೆ ನಮಸ್ಕಾರ. ತಾಲ್ಲೂಕಿನ ಹೆಸರು ತೆಗೆದೆ. ತಾಯಿ ಜೊತೆ ಮಾತಾಡಿದೆ, ಮಗಳನ್ನು ಬಿಟ್ಟು ಏಳುವುದಿಲ್ಲ ಅಂದಿದ್ದಾರೆ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.

ಎರಡು ಮಕ್ಕಳ ತಾಯಿಯವರೇ, ಬೇಜಾರಿಲ್ಲ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಒಂದು ಹೇಳುತ್ತೇನೆ. ಹಿಂದಿನ ತಿಂಗಳು ನನ್ನ ತರಗತಿಯಲ್ಲಿ ಕೇಳಿದ್ದೆ: ಫೋನಿನಲ್ಲಿ ಯಾರಾದರೂ ತೊಂದರೆ ಕೊಟ್ಟರೆ ಮನೆಯಲ್ಲಿ ಹೇಳುವವರು ಕೈ ಎತ್ತಿ ಅಂತ. 38 ಮಕ್ಕಳಲ್ಲಿ ಎತ್ತಿದ ಕೈ ಎರಡು. ಯಾಕೆ ಅಂದರೆ ಹಿಂದಿನ ಬೆಂಚಿನ ಹುಡುಗ, “ಹೇಳಿದ್ರ ಫೋನ್ ಹೋಗ್ತದ್ರಿ, ಬಡತಾನೂ ಬೀಳ್ತಾವ” ಅಂದ. ಇಡೀ ತರಗತಿ ತಲೆಯಾಡಿಸಿತು. ಬೆದರಿಸುವವನಿಗೆ ಬೇಕಾದದ್ದೂ ಅದೇ, ಮಗು ಯಾರಿಗೂ ಹೇಳಬಾರದು. ಹೇಳಿದ ತಕ್ಷಣ ನಾನು ಫೋನ್ ಕಿತ್ತುಕೊಂಡರೆ ಅವನ ಕೆಲಸ ನಾನೇ ಮಾಡಿಕೊಟ್ಟ ಹಾಗೆ. ಇವಳ ಜೊತೆಯವರೆಲ್ಲ ಈಗ ಇವಳಿಗೆ ಏನಾಗುತ್ತದೆಂದು ನೋಡುತ್ತಿರುತ್ತಾರೆ. ಅವಳು ಶಾಲೆಯಿಂದ ಮಾಯವಾದರೆ ಮುಂದಿನ ಹುಡುಗಿ ನನ್ನ ಹತ್ತಿರ ಬರುವುದೇ ಇಲ್ಲ.

ಮೊಬೈಲ್_ಅಂಗಡಿ_ಹುಬ್ಬಳ್ಳಿ | ಶುಕ್ರವಾರ, ರಾತ್ರಿ 9:05

ಮೇಡಂ, ಅವಳ ಖಾತೆಯಲ್ಲಿ ಹುಟ್ಟಿದ ವರ್ಷ ಏನು ಹಾಕಿದ್ದಾಳೆ ನೋಡಿ. ನನ್ನ ಅಂಗಡಿಗೆ ಬರುವ ಮಕ್ಕಳೆಲ್ಲ 2000, 2001 ಅಂತಲೇ ಒತ್ತಿರುತ್ತಾರೆ, ಬೇಗ ಮುಗಿಯಲಿ ಅಂತ. ಅದರಿಂದ ಆಗುವ ತೊಂದರೆ ಯಾರಿಗೂ ಗೊತ್ತಿಲ್ಲ. 2025ರ ಫೆಬ್ರವರಿಯಿಂದ ನಮ್ಮ ದೇಶದಲ್ಲೂ ಇನ್‌ಸ್ಟಾಗ್ರಾಂ 18ರ ಒಳಗಿನವರಿಗೆ ಟೀನ್ ಖಾತೆ ಕೊಡುತ್ತಿದೆ. ಖಾತೆ ತಾನಾಗಿ ಖಾಸಗಿ ಆಗಿರುತ್ತದೆ, ಅಪರಿಚಿತರು ಸಂದೇಶ ಕಳಿಸಲು ಆಗುವುದಿಲ್ಲ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಸೂಚನೆಗಳ ಸದ್ದು ಇರುವುದಿಲ್ಲ. 16ರ ಒಳಗಿನವರು ಇದನ್ನು ಸಡಿಲಿಸಬೇಕಾದರೆ ತಂದೆ ತಾಯಿ ಒಪ್ಪಬೇಕು. ಸುಳ್ಳು ವರ್ಷ ಹಾಕಿದ ಮಗು ಆ್ಯಪ್ ಲೆಕ್ಕದಲ್ಲಿ ದೊಡ್ಡವಳು. ಈ ಯಾವ ಬೇಲಿಯೂ ಅವಳಿಗಿಲ್ಲ. ಪೊಲೀಸರು ನೋಡುವವರೆಗೆ ಮಾತ್ರ ಏನೂ ಬದಲಿಸಬೇಡಿ.

ಇನ್ನೊಂದು. ಕೊರೊನಾದಲ್ಲಿ ಮಾಡಿದ ಶಾಲೆಯ ವಾಟ್ಸಾಪ್ ಗುಂಪು ಇನ್ನೂ ಇದೆಯಾ? ಇದ್ದರೆ ಪಾಸಾಗಿ ಹೋದ ಹುಡುಗರೂ ಅದರಲ್ಲೇ ಇರುತ್ತಾರೆ, ಹೆಣ್ಣುಮಕ್ಕಳ ನಂಬರ್ ಎಲ್ಲರ ಕಣ್ಣಿಗೂ ಕಾಣುತ್ತದೆ. ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಪೋಷಕರು ನಿಮ್ಮ ನಂಬರ್ ಉಳಿಸಿಕೊಂಡಿರಬೇಕು ಅಷ್ಟೇ.

ಆ ಚಿತ್ರ ಎಲ್ಲಾದರೂ ಹೊರಬಿದ್ದೀತು ಎಂಬ ಭಯ ಇದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಅಮೆರಿಕದ ಕಾಣೆಯಾದ ಮಕ್ಕಳ ಕೇಂದ್ರದವರದು, 18 ತುಂಬದವರ ಚಿತ್ರಗಳಿಗೆಂದೇ ಇರುವುದು. ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೋಗುತ್ತದೆ. ಅದನ್ನು ಇಟ್ಟುಕೊಂಡು ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥವು ಆ ಚಿತ್ರ ಬಂದರೆ ಹಿಡಿಯುತ್ತವೆ. ವಾಟ್ಸಾಪ್ ಸಂದೇಶದಲ್ಲಿ ಹರಿದಾಡುವುದನ್ನು ಮಾತ್ರ ಅದು ಮುಟ್ಟಲಾರದು.

ಇದೆಲ್ಲ ಮುಗಿದ ಮೇಲೆ ಪೋಷಕರಿಗೆಂದು ಇರುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿಸಿ, ಎಷ್ಟು ಹೊತ್ತು, ಯಾವ ಆ್ಯಪ್ ಅಂತ ಅಪ್ಪ ನಿಗದಿ ಮಾಡಬಹುದು. ಚಾಟ್ ಅದರಲ್ಲಿ ಕಾಣುವುದಿಲ್ಲ, ಅದನ್ನು ಅಪ್ಪ ದಿನಾ ಫೋನ್ ತೆರೆದು ಓದಲಿ.

ಆಗಿನ_ಹುಡುಗಿ | ಶನಿವಾರ, ರಾತ್ರಿ 12:48

ಬರೆಯಬಾರದು ಅಂದುಕೊಂಡೆ, ನಿದ್ದೆ ಬರಲಿಲ್ಲ. ಹತ್ತು ವರ್ಷದ ಹಿಂದೆ ಪಿಯುಸಿಯಲ್ಲಿ ನನಗೆ ಇದೇ ಆಗಿತ್ತು. ನನ್ನದು ನಾನೇ ಕಳಿಸಿದ ಫೋಟೋ. ಅದಕ್ಕೇ ಯಾರಿಗೂ ಹೇಳಲಾಗಲಿಲ್ಲ. ಹೇಳಿದರೆ “ನೀನ್ಯಾಕೆ ಕಳಿಸಿದೆ” ಅನ್ನುವುದೇ ಮೊದಲ ಪ್ರಶ್ನೆ ಅಂತ ಗೊತ್ತಿತ್ತು. ಏಳು ತಿಂಗಳು ಅವನು ಹೇಳಿದ ಹಾಗೆ ಕೇಳಿದೆ. ಕೊನೆಗೆ ಗೊತ್ತಾದಾಗ ಅಮ್ಮ ಕೇಳಿದ್ದೂ ಅದೇ ಪ್ರಶ್ನೆ.

ಮೇಡಂ, ನಾಳೆ ಅಪ್ಪನ ಮುಂದೆ ಮೊದಲ ವಾಕ್ಯ ನೀವೇ ಹೇಳಿ, ಅವಳ ಬಾಯಲ್ಲಿ ಹೇಳಿಸಬೇಡಿ. “ನಿಮ್ಮ ಮಗಳ ಮೇಲೆ ಒಬ್ಬ ಅಪರಾಧ ಮಾಡಿದ್ದಾನೆ, ಅವಳು ಧೈರ್ಯ ಮಾಡಿ ಬಂದು ಹೇಳಿದ್ದಾಳೆ” ಅಂತ. ಆ ವಾಕ್ಯ ಮುಗಿಯುವ ತನಕ ಫೋನ್ ತೋರಿಸಬೇಡಿ. ಅಪ್ಪ ಆ ಚಿತ್ರ ನೋಡಲೇಬೇಕು ಅಂತಿಲ್ಲ. ನನ್ನ ಅಪ್ಪ ನೋಡಿದರು. ಅದಾದ ಮೇಲೆ ಎರಡು ವರ್ಷ ನನ್ನ ಮುಖ ನೋಡಿ ಮಾತಾಡಲಿಲ್ಲ.

ಅಂಗಡಿಯವರೇ, ನಿಮ್ಮ ಉಳಿದ ಮಾತು ಸರಿ, ಕೊನೆಯದು ಬೇಡ. ನಮ್ಮ ಮನೆಯಲ್ಲೂ ಆಮೇಲೆ ನನ್ನ ಫೋನ್ ದಿನಾ ನೋಡುತ್ತಿದ್ದರು. ನಾನು ಗೆಳತಿಯ ಫೋನಿನಲ್ಲಿ ಇನ್ನೊಂದು ಖಾತೆ ತೆರೆದೆ. ಎಷ್ಟು ಹೊತ್ತು ನೋಡಬಹುದು, ಯಾವ ಆ್ಯಪ್ ಹಾಕಬಹುದು ಅಂತ ಮಗುವಿನ ಜೊತೆ ಕೂತು ನಿಗದಿ ಮಾಡುವುದು ಒಂದು, ಗೆಳತಿಯರ ಜೊತೆಗಿನ ಮಾತೆಲ್ಲ ಓದುವುದು ಇನ್ನೊಂದು.

ಮೊಬೈಲ್_ಅಂಗಡಿ_ಹುಬ್ಬಳ್ಳಿ | ಶನಿವಾರ, ಬೆಳಗ್ಗೆ 7:15

ಒಪ್ಪಿದೆ ಅಕ್ಕಾ. ನನಗೂ ಆರನೇ ತರಗತಿಯ ಮಗಳಿದ್ದಾಳೆ. ಇವತ್ತು ಅವಳ ಜೊತೆ ಕೂರುತ್ತೇನೆ.

ಗಣಿತಮೇಡಂ | ಹತ್ತು ದಿನದ ನಂತರ, ಮಂಗಳವಾರ, ರಾತ್ರಿ 9:30

ಎಲ್ಲರೂ ಕೇಳುತ್ತಿದ್ದೀರಿ. ಬರೆಯಬಹುದಾದಷ್ಟು ಬರೆಯುತ್ತೇನೆ.

ಶನಿವಾರ ಬೆಳಗ್ಗೆ ಹೋದಾಗ ಅಪ್ಪ ಹೊಲಕ್ಕೆ ಹೊರಟು ನಿಂತಿದ್ದರು. ಕೂರಿಸಿಕೊಂಡೆ. ಆಗಿನ ಹುಡುಗಿಯವರು ಹೇಳಿದ ವಾಕ್ಯವನ್ನು ಬಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಿದ್ದೆ, ಆದರೂ ಗಂಟಲು ಒಣಗಿತು. ಹೇಳಿ ಮುಗಿಸಿದೆ. ಅವರು ತಲೆಯ ಟವೆಲ್ ತೆಗೆದು ಮೊಣಕಾಲ ಮೇಲೆ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಮಗಳ ಕಡೆ ತಿರುಗಿ, “ನನಗ ಯಾಕ ಹೇಳಲಿಲ್ಲವಾ?” ಅಂದರು. ಅವಳು ನೆಲ ನೋಡುತ್ತಾ ಕೂತಳು. ಒಳಗಿನಿಂದ ತಾಯಿ, “ನಿಮ್ಮ ತಂಗಿ ಮಗಳಿಗೆ ಎಲ್ಲಾರೂ ಕೂಡಿ ಏನ ಮಾಡಿದ್ರಿ, ನೋಡ್ಯಾಳಲ್ಲ ಅಕಿ” ಅಂದರು. ಆ ಹೆಣ್ಣುಮಗಳು ಗಂಡನ ಎದುರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಆ ದಿನ ಹೊಲಕ್ಕೆ ಹೋಗಲಿಲ್ಲ, ನಮ್ಮ ಜೊತೆ ಠಾಣೆಗೆ ಬಂದರು. ಚಿತ್ರ ತೋರಿಸಿ ಎಂದು ಕೇಳಲಿಲ್ಲ.

ಮಧ್ಯಾಹ್ನ ಮಹಿಳಾ ಪಿಎಸ್‌ಐ ಚೂಡಿದಾರದಲ್ಲಿ, ಖಾಸಗಿ ಕಾರಿನಲ್ಲಿ ಮನೆಗೆ ಬಂದರು. ಅಕ್ಕಪಕ್ಕದವರು ನಾನು ಕರೆತಂದ ಬೇರೆ ಶಾಲೆಯ ಮೇಡಂ ಅಂದುಕೊಂಡರು. ಹೇಳಿಕೆ ಬರೆದುಕೊಂಡಿದ್ದು ಅಡುಗೆಮನೆಯಲ್ಲಿ, ತಾಯಿ ಪಕ್ಕದಲ್ಲಿ ಕೂತು. ದೂರು ದಾಖಲಾಗಿದೆ, ಪ್ರತಿ ಕೈಗೆ ಬಂದಿದೆ. ಫೋನ್ ಪಂಚನಾಮೆಗೆ ಹೋಯಿತು, ರಬ್ಬರ್ ಬ್ಯಾಂಡ್ ಸಮೇತ. ಚಿತ್ರ ಇಲ್ಲಿಯವರೆಗೆ ಎಲ್ಲೂ ಬಂದಿಲ್ಲ. ಮೂರನೇ ದಿನ ಆ ಖಾತೆ ಮಾಯವಾಯಿತು. ಅಷ್ಟರಲ್ಲಿ ಕೊಂಡಿ, ಗಂಟೆ ಎಲ್ಲ ಪೊಲೀಸರ ಕೈಯಲ್ಲಿತ್ತು.

ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಊರಿನ ಹೆಸರು, ಗುಂಪಿನ ಹೆಸರು ಎಲ್ಲ ತಿಳಿದವನು ದೂರದವನಲ್ಲ ಅನ್ನಿಸುತ್ತದೆ. 18 ತುಂಬದವನಾದರೆ ಬಾಲ ನ್ಯಾಯ ಮಂಡಳಿಗೆ ಹೋಗುತ್ತದಂತೆ. ನಾನೇ ಲೆಕ್ಕ ಕಲಿಸಿದ ಹುಡುಗನಾಗಿದ್ದರೆ ಏನು ಮಾಡಲಿ ಎಂಬುದು ರಾತ್ರಿಯೆಲ್ಲ ಕಾಡುತ್ತಿದೆ. ಹೆಣ್ಣುಮಕ್ಕಳಿಗೆ ಹುಷಾರಾಗಿರಿ ಎಂದು ನೂರು ಸಲ ಹೇಳಿದ್ದೇನೆ. ಗಂಡುಮಕ್ಕಳನ್ನು ಕೂರಿಸಿಕೊಂಡು, ಇನ್ನೊಬ್ಬರ ಮುಖ ತೆಗೆದು ಹೀಗೆ ಮಾಡುವುದು ಎಂಥ ಕ್ರೌರ್ಯ ಎಂದು ಒಂದು ಸಲವೂ ಹೇಳಿಲ್ಲ. ಈ ಶನಿವಾರ ಎಂಟು, ಒಂಬತ್ತು, ಹತ್ತರ ಹುಡುಗರಿಗೆಂದೇ ಒಂದು ಅವಧಿ ಕೇಳಿ ಪಡೆದಿದ್ದೇನೆ.

ಮುಖ್ಯೋಪಾಧ್ಯಾಯರಿಗೆ 19 ಮತ್ತು 21ನೇ ಕಲಂ ಮುದ್ರಿಸಿ ಮೇಜಿನ ಮೇಲಿಟ್ಟೆ. ಎರಡು ಸಲ ಓದಿದರು. ಮರುದಿನ ಅವರೇ ಹಳೆಯ ವಾಟ್ಸಾಪ್ ಗುಂಪು ಮುಚ್ಚಿಸಿದರು. ಅದರಲ್ಲಿ 112 ಜನ ಇದ್ದರು, ನಮ್ಮ ಈಗಿನ ಮಕ್ಕಳ ಮನೆಯವರು 41.

ಹುಡುಗಿ ಸೋಮವಾರದಿಂದ ಬರುತ್ತಿದ್ದಾಳೆ. ಇನ್ನೂ ಹಿಂದಿನ ಬೆಂಚೇ. ನಿನ್ನೆ ಕಿರುಪರೀಕ್ಷೆಯಲ್ಲಿ ಐದರಲ್ಲಿ ಮೂರು ಲೆಕ್ಕ ಮಾಡಿದ್ದಾಳೆ. ಹಾಡು ಅಂದರೆ ಮಾತ್ರ ತಲೆ ತಗ್ಗಿಸುತ್ತಾಳೆ. ನಾನು ಒತ್ತಾಯ ಮಾಡುತ್ತಿಲ್ಲ.

ಈಗ ನನ್ನದೊಂದು ಪ್ರಶ್ನೆ ಉಳಿದಿದೆ, ಅಂಗಡಿಯ ಅಣ್ಣನವರು ಅಥವಾ ಬೇರೆ ಯಾರಾದರೂ ಹೇಳಿ. ಶಾಲೆಯ ಪುಟದಲ್ಲಿ ನಾನು ಹಾಕಿದ ಫೋಟೋಗಳ ಕೆಳಗಿನಿಂದ ಮಕ್ಕಳ ಹೆಸರು, ಊರು ತೆಗೆಯುತ್ತಾ ಕೂತಿದ್ದೇನೆ. ಎರಡು ರಾತ್ರಿಯಲ್ಲಿ ಈ ವರ್ಷದ್ದು ಮುಗಿಯಿತು. ಇನ್ನೂ ನಾಲ್ಕು ವರ್ಷದ್ದಿದೆ. ಆ ಹಳೆಯ ಆಲ್ಬಂಗಳನ್ನೆಲ್ಲ ಒಂದೇ ಸಲಕ್ಕೆ ಮುಚ್ಚುವ ದಾರಿ ಇದೆಯೇ, ಇಲ್ಲ ಒಂದೊಂದಾಗಿಯೇ ತೆಗೆಯಬೇಕೇ?